ದೋಣಿಗಿಂತ ಮೊದಲು ತಲುಪಬೇಕಾದ ಕಾರು

ಓಝಾರ್ಕ್ ಬೆಟ್ಟಗಳ ಸಂದಿಯಲ್ಲಿ ಬಫಲೋ ನದಿಯ ಮೇಲೆ ಇನ್ನೂ ಮಂಜು ಕವಿದಿದೆ. ದಡದ ನೀಲಿ ಕಾರನ್ನು ವರ್ಲೀನ್ ಸ್ಟಕ್ಕಿ ಮೂರನೆಯ ಸಲ ಸುತ್ತುತ್ತಾರೆ. ಕಾರಿನವರು ಕೀಲಿ ಇಟ್ಟು ಹೋಗಬೇಕಾದ ಮುಂದಿನ ಚಕ್ರದ ಮೇಲೆ ಕೈಯಾಡಿಸುತ್ತಾರೆ. ಇಲ್ಲ.

"ಮುದುಕ ಜೇಬಲ್ಲೇ ಹಾಕ್ಕೊಂಡು ಹೋಗಿದ್ದಾನೆ ನೋಡು!"

ಪಿಕಪ್‌ನಲ್ಲಿ ಕಾಫಿ ಹೀರುತ್ತಿರುವ ಗಂಡ ಲೆಸ್ಟರ್ ನಗುತ್ತಾರೆ. "ನೀನೂ ಮೊನ್ನೆ ಕನ್ನಡಕ ತಲೆ ಮೇಲಿಟ್ಕೊಂಡು ಮನೆಯೆಲ್ಲ ಹುಡುಕಿದ್ದೆ."

"ಬಾಯಿ ಮುಚ್ಚು, ಗಾಡಿ ತಿರುಗ್ಸು!"

ರಾಷ್ಟ್ರೀಯ ಉದ್ಯಾನದ ಈ ನದಿಯಲ್ಲಿ ಕಯಾಕ್ ಎಂಬ ಕಿರುದೋಣಿ ಏರಿ ಹೋಗುವವರ ಕಾರು ಅವರು ಹೊರಟ ದಡದಲ್ಲೇ ಉಳಿಯುತ್ತದೆ. ಅದನ್ನು ಬೆಟ್ಟದ ದಾರಿಯಲ್ಲಿ ನಲವತ್ತು ಮೈಲಿ ಓಡಿಸಿ, ಅವರು ಇಳಿಯುವಲ್ಲಿ ನಿಲ್ಲಿಸುವುದು ಅರವತ್ತೇಳರ ವರ್ಲೀನ್ ಅವರ ಕೆಲಸ. ಲೆಸ್ಟರ್ ಹಿಂದೆಯೇ ಬಂದು ಅವರನ್ನು ಮರಳಿ ಕರೆತರುತ್ತಾರೆ. ಮರ ಕೊಯ್ಯುವ ಮಿಲ್ಲು ಮುಚ್ಚಿ ಇಬ್ಬರೂ ಬರಿಗೈಯಾದ ವರ್ಷ ಈ ಕೆಲಸ ಶುರುವಾದದ್ದು. ಈಗ ಮೂವತ್ತೊಂದು ವರ್ಷ. ನದಿ ತುಂಬಿರುವಾಗ ದಿನಕ್ಕೆ ನಾಲ್ಕೈದು ಕಾರು. ಕುಳ್ಳಗಿದ್ದರೂ ವರ್ಲೀನ್ ಯಾರ ಸೀಟನ್ನೂ ಮುಂದಕ್ಕೆ ಎಳೆಯುವುದಿಲ್ಲ, ಬೆನ್ನಿಗೆ ಎರಡು ದಿಂಬು ಇಟ್ಟುಕೊಳ್ಳುತ್ತಾರೆ. "ಅವರವರ ಸೀಟು ಅವರವರ ಮೈಗೆ ಒಗ್ಗಿರತ್ತೆ. ನಾನ್ಯಾಕೆ ಕೆಡಿಸ್ಲಿ?"

ಇಷ್ಟು ವರ್ಷಗಳಲ್ಲಿ ನದಿಯಿಂದ ಎದ್ದು ಬಂದವರು ಕಾರಿಲ್ಲದೆ ನಿಂತದ್ದಿಲ್ಲ. ಇವತ್ತು ಅದೂ ಆಗಿಬಿಡಬಹುದು. ನೀಲಿ ಕಾರಿನ ಒಡೆಯ, ಕ್ಯಾನ್ಸಸ್‌ನ ಒಡೆಲ್ ಮತ್ತು ಅವರ ಹೆಂಡತಿ ನೆಟ್ಟಿ ಕೆಳಗಿನ ತಗ್ಗು ಸೇತುವೆ ದಾಟಿದರೆ, ಆಮೇಲೆ ಎರಡು ದಿನ ನದಿಯ ಹತ್ತಿರ ರಸ್ತೆಯೇ ಸುಳಿಯುವುದಿಲ್ಲ, ಫೋನೂ ಹತ್ತುವುದಿಲ್ಲ.

ಪಿಕಪ್ ಸೇತುವೆ ಮುಟ್ಟುವುದಕ್ಕೂ ತಿರುವಿನಲ್ಲಿ ಹಳದಿ ಕಯಾಕ್ ಕಾಣಿಸುವುದಕ್ಕೂ ಸರಿಹೋಗುತ್ತದೆ. ವರ್ಲೀನ್ ಎರಡೂ ಕೈ ಬೀಸುತ್ತಾರೆ. ಒಡೆಲ್ ಕೂಡ ಖುಷಿಯಿಂದ ಬೀಸುತ್ತಾರೆ.

"ಟಾಟಾ ಮಾಡ್ತಿಲ್ಲ ಕಣಪ್ಪಾ! ಕೀಲಿ! ಕೀಲಿ ಕೊಡು!"

ಒಡೆಲ್ ಕೈ ಎದೆಯ ಜೇಬಿಗೆ ಹೋಗುತ್ತದೆ. ಮುಖ ಪೆಚ್ಚಾಗುತ್ತದೆ.

"ಎರಡು ಸಲ ಕೇಳ್ದೆ, ಕೀಲಿ ಇಟ್ಯಾ ಅಂತ!" ಎಂದು ನೆಟ್ಟಿ ಹಿಂದಿನಿಂದ ಹುಟ್ಟಿನಲ್ಲೇ ಗಂಡನ ಬೆನ್ನು ತಿವಿಯುತ್ತಾರೆ.

ಸೆಳವು ದೋಣಿಯನ್ನು ನಿಲ್ಲಗೊಡುವುದಿಲ್ಲ. ಲೆಸ್ಟರ್ ಪಿಕಪ್‌ನಲ್ಲಿದ್ದ ಉದ್ದ ಹಿಡಿಯ ಮೀನಿನ ಬಲೆ ಚಾಚಿ ಸೇತುವೆಯಂಚಿನಲ್ಲಿ ಬೋರಲು ಮಲಗುತ್ತಾರೆ. ವರ್ಲೀನ್ ಗಂಡನ ಬೆಲ್ಟು ಹಿಡಿದು ಕೂರುತ್ತಾರೆ. ಸೇತುವೆಯಡಿ ನುಸುಳುವ ಕ್ಷಣದಲ್ಲಿ ಒಡೆಲ್ ಎಸೆದ ಕೀಲಿ ಬಲೆಯ ಅಂಚಿಗೆ ಬಡಿದು ಒಳಗೆ ಬೀಳುತ್ತದೆ.

"ನಿನಗೊಂದು ಮುತ್ತು ಬಾಕಿ ಕಣಮ್ಮಾ!" ಎಂದು ಆಚೆ ಕಡೆಯಿಂದ ಒಡೆಲ್ ಕೂಗುತ್ತಾರೆ.

"ಬಂಡೆ ಬಂತು, ಮೊದ್ಲು ಹುಟ್ಟು ಹಾಕು!" ನೆಟ್ಟಿಯ ದನಿ.

ವರ್ಲೀನ್ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಾರೆ. ಇಷ್ಟೆಲ್ಲ ಮಾಡಿದ್ದನ್ನು ಯಾರಾದರೂ ನೆನೆಯುತ್ತಾರೆಯೇ ಎಂದರೆ ಕೈ ಕೊಡವುತ್ತಾರೆ. "ನೆನೆಯೋಕೆ ಪುರುಸೊತ್ತೆಲ್ಲಿ? ಎರಡು ದಿನ ಒಣರೊಟ್ಟಿ ತಿಂದಿರ್ತಾರೆ. ಕಾರು ಕಂಡ ಕೂಡ್ಲೆ ಬಿಸಿ ಊಟಕ್ಕೆ ಓಡ್ಲಿ. ಅದೇ ಚಂದ."