ಪದ್ಮವ್ವನ ಎಡಭುಜ

ನಮ್ಮ ದೊಡ್ಡವ್ವ ಪದ್ಮವ್ವ ಸಿಟ್ಟಿನ ಹೆಂಗಸು ಎಂಬುದು ಶಹಾಪುರದ ನಮ್ಮ ಓಣಿಗೆಲ್ಲ ಗೊತ್ತಿತ್ತು. ಆ ಸಿಟ್ಟಿಗೆ ಒಂದು ಕಾರಣ ಇದ್ದಿರಬಹುದು ಎಂಬುದು ಮಾತ್ರ ಬಹಳ ವರ್ಷ ಯಾರ ತಲೆಗೂ ಬರಲಿಲ್ಲ. ಮುಂದಿನದನ್ನೆಲ್ಲ ನಾನು ಅವಳ ಬಾಯಿಂದಲೇ ಕೇಳಿದ್ದು. ಹೇಳುವಾಗಲೂ ಅವಳಿಗೆ ಸಿಟ್ಟು ಬರುತ್ತಿತ್ತು.

ಅವಳ ತವರು ಖಾನಾಪುರ. ಎಪ್ಪತ್ತಮೂರರಲ್ಲಿ ಮದುವೆಯಾಗಿ ಶಹಾಪುರಕ್ಕೆ ಬಂದಳು. ಗಂಡ ಮಾಯಪ್ಪ, ಗುರುಪುತ್ರಪ್ಪ ಸಾಹುಕಾರರ ಪವರ್‌ಲೂಮ್ ಕಾರ್ಖಾನೆಯಲ್ಲಿ ನೇಕಾರ. ಮದುವೆಯಾದ ವರ್ಷವೇ ಪದ್ಮವ್ವನೂ ಅಲ್ಲಿ ಕಂಡಿಕೆ ಸುತ್ತುವ ಕೆಲಸಕ್ಕೆ ಸೇರಿದಳು. ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ ಗೇಣುದ್ದದ ಕೋಲು. ಅದಕ್ಕೆ ನೂಲು ಸುತ್ತಿ ಕೊಟ್ಟರೆ ಮಾತ್ರ ಮಗ್ಗ ಓಡುತ್ತದೆ. ಗಂಡಸರು ಮುಂದಿನ ಪಡಸಾಲೆಯಲ್ಲಿ ನೇಯುತ್ತಿದ್ದರು. ಹಿಂದಿನ ತಗಡಿನ ಚಪ್ಪರದಲ್ಲಿ ಪದ್ಮವ್ವ, ಕಾಶವ್ವ, ನಿಂಗವ್ವ ಮೂವರೂ ನೆಲದ ಮೇಲೆ ಕೂತು ರಾಟಿ ತಿರುಗಿಸುತ್ತಿದ್ದರು. ಕಾಶವ್ವ ಅವರಲ್ಲಿ ಹಿರಿಯಳು, ವಿಧವೆ, ಪದ್ಮವ್ವನಿಗೆ ಈ ಕೆಲಸ ಕಲಿಸಿದವಳು.

ಬಲಗೈ ರಾಟಿಯ ಹಿಡಿ ತಿರುಗಿಸಬೇಕು. ಎಡಗೈ ಮೇಲೆತ್ತಿ ನೂಲು ಹಿಡಿದು ಬಿಡಬೇಕು. ಕತ್ತು ಬಗ್ಗಿಸಿ, ಸೊಂಟ ತಿರುಚಿ ಎಡಕ್ಕೇ ನೋಡುತ್ತಿರಬೇಕು. ನೋಟ ತಪ್ಪಿದರೆ ನೂಲು ಒಂದೇ ಕಡೆ ಗುಡ್ಡೆಯಾಗುತ್ತದೆ. ಬೆಳಗಿನಿಂದ ಸಂಜೆಯವರೆಗೆ ಹಾಗೇ ಕೂರುವುದು.

ಎರಡನೆಯ ವರ್ಷಕ್ಕೆ ಕತ್ತು ಹಿಡಿಯತೊಡಗಿತು. ಆಮೇಲೆ ಎಡಭುಜ, ಆಮೇಲೆ ಬೆನ್ನು. ರಾತ್ರಿ ಮಗ್ಗುಲು ಬದಲಿಸಿದರೆ ಯಾರೋ ದಬ್ಬಣ ಚುಚ್ಚಿದ ಹಾಗೆ. ಅತ್ತೆ ದೃಷ್ಟಿ ತೆಗೆದಳು. ಪೇಟೆಯ ಡಾಕ್ಟರರು ಒಂದು ಸೂಜಿ ಚುಚ್ಚಿ, ಕೆಂಪು ಗುಳಿಗೆ ಕೊಟ್ಟು, ರಕ್ತ ಕಡಿಮೆ ಎಂದರು. ಗುಳಿಗೆ ಮುಗಿಯುವ ತನಕ ಸುಮ್ಮನಿದ್ದ ನೋವು ಮತ್ತೆ ಎದ್ದಿತು.

"ದಿನಾ ಇದ ಹಾಡಾತಲ್ಲ ನಿಂದು," ಎಂದ ಮಾಯಪ್ಪ ಒಂದು ಸಂಜೆ. "ನಾನೂ ದಿನಾ ಹತ್ತ ತಾಸ ನಿಂತ ನೇಯ್ತೀನಿ. ನನಗ ನೋವಿಲ್ಲೇನು?"

"ನಿಮಗ ನೋವಾದ್ರ ನಾ ಎಣ್ಣಿ ಹಚ್ಚಿ ತಿಕ್ಕತೀನಿ. ನನಗ ನೋವಾದ್ರ ನೀವು ಹಾಡ ಅಂತೀರಿ," ಎಂದಳು ಪದ್ಮವ್ವ. ಅಂದು ಊಟದ ತಾಟು ಅವನ ಮುಂದೆ ತುಸು ಜೋರಾಗಿಯೇ ಬಿತ್ತು.

ಹೀಗೆ ಎಂಟು ವರ್ಷ ಕಳೆಯಿತು. ಎಂಬತ್ತೊಂದರಲ್ಲಿ ಖಾನಾಪುರದ ತಮ್ಮ ಬೀರಣ್ಣನ ಹೆಂಡತಿ ಹಡೆದಳು. ಆಕೆಗೆ ತಾಯಿ ಇರಲಿಲ್ಲ. ಬಾಣಂತನಕ್ಕೆಂದು ಪದ್ಮವ್ವ ರೈಲು ಹತ್ತಿ ತವರಿಗೆ ಹೋದಳು. ಅಲ್ಲಿ ಕೂಸಿಗೆ ಲಸಿಕೆ ಹಾಕಿಸಲು ಆಸ್ಪತ್ರೆಗೆ ಹೋದಾಗ, ಕೂಸನ್ನು ಎತ್ತಿಕೊಡುವ ಹೊತ್ತಿಗೆ ನೋವಿಗೆ ಅವಳ ಮುಖ ಕಿವುಚಿಕೊಂಡಿತು. ಡಾಕ್ಟರಬಾಯಿ ಅದನ್ನು ನೋಡಿದರು. ಧಾರವಾಡದ ಕಡೆಯ, ನಡುವಯಸ್ಸಿನ ಹೆಣ್ಣುಮಗಳು.

"ಭುಜಕ್ಕ ಏನಾಗೇದ?"

"ಏನಿಲ್ಲ ಬಿಡ್ರಿ. ಹಳೇ ನೋವು."

"ನೀವು ಏನ್ ಕೆಲಸಾ ಮಾಡ್ತೀರಿ?"

ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಅವಳಿಗೆ ಕೇಳಿರಲಿಲ್ಲ. ಹೇಳಿದಳು. ಕೂತು ತೋರಿಸಿ ಎಂದರು ಡಾಕ್ಟರಬಾಯಿ. ಪದ್ಮವ್ವ ಆಸ್ಪತ್ರೆಯ ನೆಲದ ಮೇಲೆ ಕೂತು, ಇಲ್ಲದ ರಾಟಿಯನ್ನು ತಿರುಗಿಸಿ ತೋರಿಸಿದಳು. ಡಾಕ್ಟರಬಾಯಿ ಹಿಂದೆ ನಿಂತು ಎರಡೂ ಭುಜದ ಮೇಲೆ ಕೈಯಿಟ್ಟರು.

"ಎಡಭುಜ ಕಿವಿ ಹತ್ರ ಏರೇದ. ತಲಿ ಮುಂದ ಬಂದ ನಿಂತದ. ಇಷ್ಟ ಭಾರದ ತಲಿ ಮುಂದ ವಾಲಿದ್ರ, ಅದನ್ನ ಹಿಡದಿಡೂದು ಕತ್ತಿನ ನರಾನ. ನಿಮ್ಮ ನೋವು ರಕ್ತದಾಗಿಲ್ಲವಾ, ನೀವು ಕುಂದ್ರೂದರಾಗ ಅದ. ರಾಟಿ ಎತ್ತರಕ್ಕ ಇಡ್ರಿ, ಎದಿಗೆ ಎದುರಾಗಿ. ಎತ್ತರದ ಮಣಿ ಮ್ಯಾಲ ಕುಂದರ್ರಿ, ಎರಡೂ ಪಾದ ನೆಲಕ್ಕ ಊರ್ರಿ. ಕಿವಿ ಭುಜದ ನೇರಕ್ಕ ಇರಲಿ. ಒಂದ ಬುಟ್ಟಿ ತುಂಬಿದ ಕೂಡ್ಲೆ ಎದ್ದು ಗ್ವಾಡಿಗೆ ಬೆನ್ನ ಹಚ್ಚಿ ನಿಂದರ್ರಿ."

"ಔಷಧಾ?"

"ಇದ ಔಷಧಾ."

ಪದ್ಮವ್ವ ಸಿಟ್ಟಿನಿಂದಲೇ ಹೊರಬಂದಳು. ದಾರಿಯುದ್ದಕ್ಕೂ ತಮ್ಮನ ಮುಂದೆ ಅದೇ ಮಾತು. "ಎರಡ ಮಕ್ಕಳ ತಾಯಿ ನಾನು. ನನಗ ಕುಂದ್ರೂದ ಕಲಸ್ತಾಳ."

ಆದರೆ ಮರುದಿನ ಬೆಳಿಗ್ಗೆ ಬಾವಿಯಿಂದ ನೀರು ತರುವಾಗ ಒಂದು ಸಂಗತಿ ನಡೆಯಿತು. ಶಹಾಪುರದಲ್ಲಿ ನಳ ಬಾಗಿಲ ಮುಂದೆಯೇ ಇತ್ತು, ತಲೆಯ ಮೇಲೆ ಕೊಡ ಹೊರುವುದು ತಪ್ಪಿಹೋಗಿತ್ತು. ಅಂದು ಸಣ್ಣ ಕೊಡವೊಂದನ್ನು ಅರ್ಧ ತುಂಬಿ ಸಿಂಬಿಯ ಮೇಲೆ ಇಟ್ಟುಕೊಂಡು ನಡೆದಳು. ನೀರು ತುಳುಕಬಾರದೆಂದರೆ ತಲೆ ಮುಂದೆ ಹೋಗುವಂತಿಲ್ಲ, ಗದ್ದ ಚಾಚುವಂತಿಲ್ಲ. ಮನೆ ಮುಟ್ಟುವ ಹೊತ್ತಿಗೆ ಕತ್ತಿನ ಉರಿ ಇಳಿದಿತ್ತು. ಕೊಡ ಇಳಿಸಿ ತುಸು ಹೊತ್ತಿನಲ್ಲಿ ತಲೆ ಮತ್ತೆ ತನ್ನ ಹಳೆಯ ಜಾಗಕ್ಕೆ ಹೋಯಿತು, ಉರಿಯೂ ಬಂತು.

ಅವಳು ಅಡುಗೆಮನೆಯ ಗೋಡೆಗೆ ಬೆನ್ನು ಹಚ್ಚಿ ನಿಂತಳು. ಹಿಮ್ಮಡ ತಾಗಿತು, ಬೆನ್ನು ತಾಗಿತು, ಬಲಭುಜ ತಾಗಿತು. ಎಡಭುಜ ತಾಗಲಿಲ್ಲ. ಒತ್ತಿದರೂ ತಾಗಲಿಲ್ಲ. ಭುಜಕ್ಕೂ ಗೋಡೆಗೂ ನಡುವೆ ಅವಳ ಬಲಗೈ ಸಲೀಸಾಗಿ ಹೋಗಿಬಂತು. ತನ್ನ ಮೈ ತನ್ನ ಅರಿವಿಲ್ಲದೆ ರಾಟಿಯ ಆಕಾರಕ್ಕೆ ತಿರುಗಿಬಿಟ್ಟಿದೆ ಎಂದು ಅಂದು ತಿಳಿಯಿತು. ಅಳು ಬರಲಿಲ್ಲ ಎನ್ನುತ್ತಿದ್ದಳು. ಸಿಟ್ಟು ಬಂತು.

ಬಾಣಂತನ ಮುಗಿಸಿ ತಿರುಗಿ ಬಂದವಳು ನೇರ ಸಾಹುಕಾರರ ಎದುರು ನಿಂತಳು. ರಾಟಿಗಳಿಗೆ ಕಟ್ಟೆಯೊಂದು, ಕೂರಲು ಮೂರು ಮಣೆ ಬೇಕು ಎಂದಳು.

"ನಿಮ್ಮ ಅತ್ತಿ ಸುತ್ತಿದ್ಲು, ಆಕಿ ಅತ್ತಿ ಸುತ್ತಿದ್ಲು. ಎಲ್ಲಾರೂ ನೆಲದ ಮ್ಯಾಲ ಕುಂತ ಸುತ್ಯಾರ," ಎಂದರು ಗುರುಪುತ್ರಪ್ಪ. "ನಿನಗ ಸಿಂಹಾಸನ ಮಾಡಸ್ಲೇನು?"

ಗಂಡಸರು ನಕ್ಕರು. ಮಾಯಪ್ಪನೂ ನಕ್ಕ. ಆ ನಗು ಅವಳಿಗೆ ಸಾಹುಕಾರರ ಮಾತಿಗಿಂತ ಹೆಚ್ಚು ಚುಚ್ಚಿತು.

ಆ ವಾರವೇ ಒಂದು ಮಗ್ಗ ಗಡಗಡ ಅಲುಗಾಡಿ ಎಳೆ ಹರಿಯತೊಡಗಿತು. ಸಾಹುಕಾರರು ಇಚಲಕರಂಜಿಯಿಂದ ಜಾಬರನನ್ನು ಕರೆಸಿದರು. ಮಗ್ಗ ರಿಪೇರಿ ಮಾಡುವವನಿಗೆ ಆ ದಂಧೆಯಲ್ಲಿ ಜಾಬರ ಎನ್ನುತ್ತಾರೆ. ಅವನು ಮಗ್ಗದ ಚೌಕಟ್ಟಿನ ಮೇಲೆ ರಸಮಟ್ಟ ಇಟ್ಟ. ಗಾಜಿನೊಳಗಿನ ಗುಳ್ಳೆ ನಡುವೆ ನಿಲ್ಲದೆ ಒಂದು ಬದಿಗೆ ಸರಿಯಿತು. ಮಗ್ಗದ ಒಂದು ಕಾಲಿನಡಿ ಕಟ್ಟಿಗೆಯ ಬೆಣೆ ತುರುಕಿ, ಮತ್ತೆ ನೋಡಿ, ಮತ್ತೆ ತುರುಕಿದ. ಸಾಹುಕಾರರು ಪಕ್ಕದಲ್ಲೇ ನಿಂತು ಅವನಿಗೆ ಚಹಾ ತರಿಸಿದರು.

"ಕೂದಲಿನಷ್ಟ ವಾಲಿದ್ರೂ ಶಾಫ್ಟ್ ಸವದ ಹೋಗ್ತದ," ಎಂದು ನೇಕಾರರಿಗೆ ತಿಳಿಹೇಳಿದರು. "ಮಷೀನ್ ಅಂದ್ರ ಜೀವ ಇದ್ದಂಗ. ಕಾಳಜಿಲೆ ನೋಡ್ಕೋಬೇಕ."

ಕಂಡಿಕೆಯ ಬುಟ್ಟಿ ಹೊತ್ತು ತಂದಿದ್ದ ಪದ್ಮವ್ವ ಅದನ್ನು ಕೇಳಿದಳು. ಬುಟ್ಟಿ ಕೆಳಗಿಟ್ಟು, ಜಾಬರನ ಹತ್ತಿರವಿದ್ದ ರಸಮಟ್ಟ ಎತ್ತಿಕೊಂಡು ಕಾಶವ್ವನನ್ನು ಕರೆದಳು.

"ಬಾ ಇಲ್ಲೆ. ಇದನ್ನ ನನ್ನ ಭುಜದ ಮ್ಯಾಲ ಇಡು."

ಕಾಶವ್ವ ಹೆದರಿಹೆದರಿ ಅವಳ ಬೆನ್ನ ಹಿಂದೆ ನಿಂತು, ಎರಡೂ ಭುಜಕ್ಕೆ ತಾಗುವಂತೆ ಅದನ್ನು ಅಡ್ಡ ಇಟ್ಟಳು. ಗುಳ್ಳೆ ಎಡತುದಿಗೆ ಓಡಿ ಅಲ್ಲೇ ಅಂಟಿಕೊಂಡಿತು.

"ನೋಡ್ರಿ ಸಾಹುಕಾರ್ರ," ಎಂದಳು ಪದ್ಮವ್ವ. "ಕೂದಲಿನಷ್ಟ ವಾಲಿದ್ದಕ್ಕ ಇಚಲಕರಂಜಿಯಿಂದ ಮನಷಾನ್ನ ಕರಿಸೀರಿ. ನಾ ಎಷ್ಟ ವಾಲೀನಿ? ನನ್ನ ಕೆಳಗ ಒಂದ ಕಟಗಿ ತುಂಡ ಇಡಾಕ ನಿಮಗ ನಗಿ ಬರ್ತೈತಿ."

ಯಾರೂ ನಗಲಿಲ್ಲ. ಜಾಬರ ಚಹಾದ ಬಟ್ಟಲು ಹಿಡಿದು ನೆಲ ನೋಡುತ್ತಿದ್ದ. ಗುರುಪುತ್ರಪ್ಪನವರ ಮುಖ ಕೆಂಪಾಯಿತು.

"ನಾಳಿಂದ ಬರಬ್ಯಾಡ," ಎಂದರು.

ಮನೆಯಲ್ಲಿ ಅಂದು ದೊಡ್ಡ ಜಗಳವೇ ಆಯಿತು. ಅತ್ತೆ ಶಾಪ ಹಾಕಿದಳು. ಮಾಯಪ್ಪ ತಲೆ ಬಗ್ಗಿಸಿ ಕೂತಿದ್ದ. "ನನ್ನ ಮಾನಾ ಕಳದಿ," ಎಂದಷ್ಟೇ ಅಂದ.

"ನಿಮ್ಮ ಮಾನಾ ಹ್ವಾದದ್ದು ನಾ ಮಾತಾಡಿದಾಗಲ್ಲ, ನೀವು ನಕ್ಕಾಗ," ಎಂದಳು ಅವಳು.

ಮರುದಿನ ಕಾರ್ಖಾನೆಯಲ್ಲಿ ಯಾರೂ ಎಣಿಸದ್ದು ನಡೆಯಿತು. ಕಾಶವ್ವ, ನಿಂಗವ್ವ ಇಬ್ಬರೂ ಬಂದರು, ಆದರೆ ಕೂರಲಿಲ್ಲ. ರಾಟಿಯ ಪಕ್ಕ ಗೋಡೆಗೆ ಬೆನ್ನು ಹಚ್ಚಿ ನಿಂತರು. ಕಟ್ಟೆ ಬಂದ ಮೇಲೆ ಕೂರುತ್ತೇವೆ ಎಂದರು. ಯಾರಿಗೂ ಎದುರಾಡದ ಕಾಶವ್ವನ ಬಾಯಿಂದ ಆ ಮಾತು ಬಂದದ್ದು ಸಾಹುಕಾರರಿಗೆ ನಂಬಲಾಗಲಿಲ್ಲ. ಅವರು ಪಕ್ಕದ ವಡಗಾವಿಯಿಂದ ಕಂಡಿಕೆ ತರಿಸಿದರು. ಆದರೆ ಸಡಿಲವಾಗಿ ಸುತ್ತಿದ್ದ ಆ ಕಂಡಿಕೆಗಳ ನೂಲು ಲಾಳಿಯೊಳಗೇ ಜಾರಿ ಸಿಕ್ಕಾಯಿತು. ಮಗ್ಗಗಳು ಒಂದೊಂದಾಗಿ ನಿಂತವು.

ಮೊದಲು ನಿಂತದ್ದು ಮಾಯಪ್ಪನದು. ಸಾಹುಕಾರರು ಅವನ ಬಳಿ ಬಂದು, "ನಿನ್ನ ಹೇಣ್ತಿಗೆ ಬುದ್ಧಿ ಹೇಳಿ ಕರಕೊಂಡ ಬಾ," ಎಂದರು.

ಮಾಯಪ್ಪ ಕೈ ಒರೆಸಿಕೊಂಡ. "ಆಕಿ ಹೇಳಿದ್ರಾಗ ಏನ್ ತಪ್ಪೈತ್ರಿ? ಬ್ಯಾಡ ಅಂದಾವ್ರು ನೀವು. ಕರಿಯಾಕೂ ನೀವ ಹೋಗ್ರಿ," ಎಂದ.

ಸಾಹುಕಾರರು ಅವಳನ್ನು ಕರೆಯಲು ಬರಲಿಲ್ಲ, ಬಡಗಿಯನ್ನು ಕರೆಸಿದರು. ಹಳೆಯ ಪೆಟ್ಟಿಗೆಯ ಹಲಗೆಗಳಿಂದ ಕೂತಾಗ ಎದೆಮಟ್ಟಕ್ಕೆ ಬರುವ ಕಟ್ಟೆಯೊಂದು, ಮೂರು ಎತ್ತರದ ಮಣೆಗಳು ಆದವು. ಮಾಯಪ್ಪ ಮನೆಗೆ ಬಂದು ಹೆಂಡತಿಗೆ ಅದನ್ನು ಹೇಳಿದ. ಆಮೇಲೆ ಕೇಳದೆಯೇ ಎಣ್ಣೆ ಬೆಚ್ಚಗೆ ಮಾಡಿ ತಂದು ಅವಳ ಭುಜ ತಿಕ್ಕಿದ. ಪದ್ಮವ್ವ ತಿಕ್ಕಿಸಿಕೊಂಡಳು, ಮರುದಿನ ಕೆಲಸಕ್ಕೆ ಹೋದಳು.

ನೋವು ಒಮ್ಮೆಲೇ ಹೋಗಲಿಲ್ಲ. ಹೊಸದಾಗಿ ಕೂತಾಗ ಬೇರೆ ಕಡೆ ನೋಯುತ್ತಿತ್ತು, ಹಳೆಯ ಹಾಗೇ ಕೂತುಬಿಡೋಣ ಅನಿಸುತ್ತಿತ್ತು. ನಿಂಗವ್ವನ ತಲೆ ಮುಂದೆ ಬಂದರೆ ಪದ್ಮವ್ವ ಬೈಯುವಳು, ಅವಳದು ಬಂದರೆ ನಿಂಗವ್ವ ಬೈಯುವಳು. ಮುಂದಿನ ಬೇಸಿಗೆಯ ಹೊತ್ತಿಗೆ ರಾತ್ರಿ ನಿದ್ದೆ ಬರತೊಡಗಿತು. ಭುಜ ಗೋಡೆಗೆ ಹತ್ತಿರವಾಯಿತು, ಪೂರ್ತಿ ತಾಗಲೇ ಇಲ್ಲ.

ಸಿಟ್ಟೂ ಪೂರ್ತಿ ಹೋಗಲಿಲ್ಲ. ಕೆಲ ವರ್ಷಗಳ ಮೇಲೆ ನೇಕಾರರ ಸೊಸೈಟಿಯವರು ಕಾರ್ಖಾನೆ ನೋಡಲು ಬಂದಾಗ ಗುರುಪುತ್ರಪ್ಪ ಆ ಕಟ್ಟೆ ತೋರಿಸಿ, "ಹೆಣ್ಮಕ್ಕಳಿಗೆ ತ್ರಾಸ ಆಗಬಾರದಂತ ನಾನ ಮಾಡಿಸೀನ್ರಿ," ಎಂದರು. ಪದ್ಮವ್ವ ರಾಟಿ ನಿಲ್ಲಿಸಿದಳು.

"ಖರೇ ಹೇಳ್ರಿ ಸಾಹುಕಾರ್ರ. ಮೂರು ಮಗ್ಗ ನಿಂತ ಮ್ಯಾಲ ಮಾಡಿಸೀರಿ," ಎಂದಳು. ಬಂದವರು ಮುಂದಿನ ಪಡಸಾಲೆಗೆ ನಡೆದರು.

ನಾನು ಒಮ್ಮೆ ಕೇಳಿದೆ: "ಬೇಕಾದ್ದು ಸಿಕ್ತಲ್ಲ ದೊಡ್ಡವ್ವ, ಇನ್ನೂ ಯಾಕ ಸಿಟ್ಟು?"

ಅವಳು ಕಾಶವ್ವನ ಮನೆಯ ಕಡೆ ಕೈ ತೋರಿಸಿದಳು. ಕಾಶವ್ವ ಪದ್ಮವ್ವನಿಗಿಂತ ಎಷ್ಟೋ ವರ್ಷ ಮೊದಲೇ ನೆಲಕ್ಕೆ ಕೂತವಳು. ಕಟ್ಟೆ ಬರುವ ಹೊತ್ತಿಗೆ ಅವಳ ಎಡಗೈಯ ಬೆರಳು ಜುಂ ಎನ್ನುತ್ತಿದ್ದವು. ಆಮೇಲೆ ಸತ್ತುಹೋದವು, ಕೈ ತಲೆಯವರೆಗೆ ಏಳುವುದು ನಿಂತಿತು. ಖಾನಾಪುರದ ಡಾಕ್ಟರಬಾಯಿಯ ಹತ್ತಿರ ಪದ್ಮವ್ವ ತಾನೇ ಕರೆದುಕೊಂಡು ಹೋಗಿದ್ದಳು. ಬಹಳ ತಡವಾಗಿದೆ ಎಂದರು ಅವರು.

"ಒಂದ ಹಲಗಿ," ಎಂದಳು ದೊಡ್ಡವ್ವ. "ಒಂದ ಹಲಗಿ ಮೊದಲ ಹಾಕಿದ್ರ ಆಕಿ ಕೈ ಉಳೀತಿತ್ತು."

ಅಂದು ಸೋಮವಾರ, ಕಾಶವ್ವನ ತಲೆ ಬಾಚಿಕೊಡುವ ದಿನ. ಬಾಚಣಿಗೆ, ಎಣ್ಣೆ ಬಟ್ಟಲು ಹಿಡಿದು ಅವಳು ಕಾಶವ್ವನ ಮನೆಗೆ ಹೋದಳು. ಮುದುಕಿಯನ್ನು ಬಾಗಿಲ ಮುಂದಿನ ಜಗಲಿಯ ಮೇಲೆ ಕೂರಿಸಿ, "ನೆಟ್ಟಗ ಕುಂದ್ರು," ಎಂದು ಗದರಿಸುತ್ತ, ಆ ಬಿಳಿ ಕೂದಲಿನ ಸಿಕ್ಕು ಬಿಡಿಸತೊಡಗಿದಳು.