ನಾಲ್ಕು ಬೆರಳು ಹೆಚ್ಚು

ಬೆಳಿಗ್ಗೆ ಅಂಗಡಿಯ ಡ್ರಾಯರ್ ಎಳೆದಾಗ ಅಳತೆಪಟ್ಟಿಯ ಜೊತೆಗೆ ಹಳೆಯ ರಬ್ಬರಿನ ವಾಸನೆಯೂ ಬಂತು. ಪಟ್ಟಿಯನ್ನು ನಾನು ಸುತ್ತಿಡುವುದು ನಾಲ್ಕು ಬೆರಳುದ್ದದ ಒಂದು ಮರದ ತುಂಡಿಗೆ. ಅದು ಹಾಕಿ ಸ್ಟಿಕ್ಕಿನ, ರಬ್ಬರು ಸುತ್ತಿದ ಹಿಡಿಯ ತುದಿ. ಗಿರಾಕಿಗಳು ಕೇಳಿದರೆ ಏನೋ ಹೇಳಿ ಜಾರಿಕೊಳ್ಳುತ್ತೇನೆ. ನಿಮ್ಮ ಮನೆಯಲ್ಲಿ ಆಡುವ ಮಕ್ಕಳಿರಬಹುದು, ನಿಮಗೆ ಹೇಳುತ್ತೇನೆ.

ಕೊಟ್ಟೂರಿನಲ್ಲಿ ನನ್ನದು ಶಾಲಾ ಸಮವಸ್ತ್ರದ ಅಂಗಡಿ. ಸಂತೆಯಲ್ಲಿ ಗೋಣಿತಾಟು ಹಾಸಿ ಚಡ್ಡಿ ಮಾರಿ ಮೇಲೆ ಬಂದವನು. ಒಳಮಗ್ಗುಲು ತಿರುವಿ ಹೊಲಿಗೆ ನೋಡದೆ ಒಂದು ಅಂಗಿಯನ್ನೂ ಕೊಂಡವನಲ್ಲ. ಅಂಥವನು, ಮಗಳು ಚೈತ್ರಾ ಹಾಕಿ ಕಲಿಯುತ್ತೇನೆಂದಾಗ ಮಾಡಿದ್ದೇನು? ಹಗರಿಬೊಮ್ಮನಹಳ್ಳಿಯ ಒಂದು ತರಬೇತಿ ಕೇಂದ್ರಕ್ಕೆ ಹೋಗಿ, ಗಾಜಿನ ಕಪಾಟಿನ ಟ್ರೋಫಿಗಳಿಗೆ ಮರುಳಾಗಿ, ಜೆರ್ಸಿ ಪುಕ್ಕಟೆ ಕೊಡುವಂತೆ ಚೌಕಾಸಿ ಮಾಡಿ, ಅವಳನ್ನು ಸೇರಿಸಿ, ಗೆದ್ದೆನೆಂದು ಚಹಾ ಕುಡಿದು ಬಂದೆ. ಸ್ಟಿಕ್ಕನ್ನು ನಾನೇ ಆರಿಸಿದೆ. ಬೆಳೆಯುವ ಹುಡುಗಿ, ಎರಡು ಸೈಜು ದೊಡ್ಡದಿರಲಿ ಎಂದೆ. ಇಷ್ಟು ವರ್ಷ ಗಿರಾಕಿಗಳಿಗೆ ಹೇಳಿದ ಮಾತನ್ನು ಆವತ್ತು ನನಗೆ ನಾನೇ ಮಾರಿಕೊಂಡೆ.

ಎರಡು ತಿಂಗಳಿಗೆ ಮಗಳು ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತಳು. “ಅಪ್ಪಾ, ನನಗ ಆಟ ಬರಂಗಿಲ್ಲ. ಬಿಡ್ತೀನಿ.”

ಮರುದಿನ ಹೇಳದೆ ಕೇಳದೆ ಆ ಕೇಂದ್ರಕ್ಕೆ ಹೋಗಿ, ಮೈದಾನದ ಬೇವಿನ ಮರದ ಹಿಂದೆ ನಿಂತು ನೋಡಿದೆ. ಸಾಲಿನ ಮುಂದಿದ್ದ ನಾಲ್ಕು ಮಕ್ಕಳು ಆಡುತ್ತಿದ್ದರು. ಕೊನೆಯವಳಿಗೆ ಹೊರಹೋದ ಚೆಂಡು ಹೆಕ್ಕುವ ಕೆಲಸ. ಆ ಕೊನೆಯವಳು ನನ್ನವಳೇ. ತರಬೇತಿಯ ಒಳಹೊಲಿಗೆ ಎಂದರೆ ಸಾಲಿನ ಕೊನೆಯ ಮಗು. ನೀವು ಎಲ್ಲಿಗೆ ಹೋದರೂ ಮೊದಲು ಅದನ್ನು ನೋಡಿ.

ಹಾಗೆ ನೋಡುತ್ತ ಹರಪನಹಳ್ಳಿ ತಲುಪಿದೆವು. ನಿವೃತ್ತ ಆಟದ ಮೇಷ್ಟ್ರೊಬ್ಬರು ಗರಸುಮಣ್ಣಿನ ಮೈದಾನದಲ್ಲಿ ಕಲಿಸುತ್ತಿದ್ದರು. ಕಪಾಟಿರಲಿ, ಅವರಿಗೆ ಕೂರಲು ಕುರ್ಚಿಯೂ ಇರಲಿಲ್ಲ. ಎಲ್ಲರಿಗಿಂತ ಹಿಂದುಳಿದ ಹುಡುಗಿಯ ಹತ್ತಿರವೇ ಹೆಚ್ಚು ಹೊತ್ತು ಬಗ್ಗಿ ನಿಂತಿದ್ದರು. ನಾನು ಚೌಕಾಸಿಗೆ ಬಾಯಿ ತೆರೆಯುವಷ್ಟರಲ್ಲಿ ಚೈತ್ರಾಳ ಸ್ಟಿಕ್ಕನ್ನು ಅವಳ ಪಕ್ಕ ನಿಲ್ಲಿಸಿ ನೋಡಿದರು.

“ಇದನ್ನ ಯಾರಿಗೆ ತಂದ್ರಿ ಯಜಮಾನ್ರೆ, ನಿಮಗಾ?”

“ಬೆಳೀತಾಳಲ್ರಿ ಸರ...”

“ಬೆಳದಾಗ ತರ್ರಿ. ಈ ಹುಡುಗಿ ಆಡಬೇಕಾಗಿದ್ದು ಇವತ್ತು.”

ಎದುರಿನ ಬಡಗಿಯಿಂದ ಗರಗಸ ತರಿಸಿ, ಹಿಡಿಯ ಮೇಲಿಂದ ನಾಲ್ಕು ಬೆರಳು ಕೊಯ್ದೇಬಿಟ್ಟರು. ಹೊಸ ಸ್ಟಿಕ್ಕು, ನನ್ನ ಹೊಟ್ಟೆಯನ್ನೇ ಕೊಯ್ದಂತಾಯಿತು. ಮಗಳು ಆ ಮೋಟು ಸ್ಟಿಕ್ಕು ಹಿಡಿದು ಒಂದೇಟು ಹೊಡೆದಳು. ಚೆಂಡು ಗರಸಿನ ಮೇಲೆ ನೆಟ್ಟಗೆ ಓಡಿತು. ಓಡುವ ಚೆಂಡನ್ನು ಬಿಟ್ಟು ಅವಳು ನನ್ನ ಕಡೆ ತಿರುಗಿ ನೋಡಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಆಟ ಬಿಡುವ ಮಾತು ಬರಲಿಲ್ಲ. ಕೊಯ್ದ ತುಂಡನ್ನು ಮಾತ್ರ ನಾನು ಜೇಬಿಗೆ ಹಾಕಿಕೊಂಡೆ. ಏನನ್ನೂ ಬಿಟ್ಟು ಬರುವ ಜಾತಿಯವನಲ್ಲ ನಾನು.

ಇವತ್ತು ಒಬ್ಬ ತಾಯಿ ಮಗಳನ್ನು ಕರೆತಂದಳು. “ಎರಡು ವರ್ಷ ಬರಬೇಕ್ರಿ ಅಣ್ಣಾರ, ದೊಡ್ಡದ ಕೊಡ್ರಿ.”

ನಾಲಿಗೆಯ ತುದಿಗೆ ಬಂದದ್ದು ಹಳೆಯ ಮಾತೇ. ಅದನ್ನು ನುಂಗಿ, ತುಂಡಿನಿಂದ ಪಟ್ಟಿ ಬಿಚ್ಚಿ ಹುಡುಗಿಯ ಭುಜ ಅಳೆದೆ.

“ಅಳತಿಗೆ ತಕ್ಕದ್ದ ಒಯ್ಯವ್ವ. ಒಳಗ ಬಟ್ಟಿ ಮಡಚಿ ಬಿಟ್ಟೈತಿ. ಬೆಳದಾಗ ಬಾ, ಬಿಚ್ಚಿ ಹೊಲದು ಕೊಡ್ತೀನಿ.”

ಪುಕ್ಕಟೆ ಎಂದು ಸೇರಿಸುವಾಗ ಮಾತ್ರ ನಾಲಿಗೆ ಸ್ವಲ್ಪ ತಡವರಿಸಿತು.