ರೀಸ್ಟಾರ್ಟ್ ಗುಂಡಿಯ ಮೇಲಿನ ಬೆರಳು

ಹಾಸನದ ನಮ್ಮ ಕಾಲೇಜಿನಲ್ಲಿ ಪ್ರಾಕ್ಸಿ ಸರ್ವರ್ ನೋಡಿಕೊಳ್ಳುತ್ತಿದ್ದವರು ಕುರ್ಚಿಯಲ್ಲಿ ಕುಳಿತದ್ದನ್ನು ನಾನು ಕಂಡಿರಲಿಲ್ಲ. ಇಂಟರ್ನೆಟ್ಟಿನಿಂದ ಒಮ್ಮೆ ತಂದ ಪುಟವನ್ನು ನೆನಪಿನಲ್ಲಿಟ್ಟುಕೊಂಡು, ಮತ್ತೆ ಕೇಳಿದವರಿಗೆ ಥಟ್ಟನೆ ಕೊಡುವುದು ಆ ಸರ್ವರ್‌ನ ಕೆಲಸ. ನೂರು ಸಲ ಕೇಳಿದರೆ ಹತ್ತು ಸಲವೂ ಅದಕ್ಕೆ ನೆನಪಿರುತ್ತಿರಲಿಲ್ಲ. "ಇದ್ಕೆ ಮರೆವು ಕಣ್ಲಾ," ಎನ್ನುತ್ತ ಅವರು ಶತಪಥ ಹಾಕುತ್ತಿದ್ದರು, ರೀಸ್ಟಾರ್ಟ್ ಒತ್ತುತ್ತಿದ್ದರು. ಬೆಳಿಗ್ಗೆ ಬಂದೊಡನೆ ಒಮ್ಮೆ, ಊಟಕ್ಕೆ ಮುಂಚೆ ಒಮ್ಮೆ, ಮನಸ್ಸು ತಡೆಯದಿದ್ದರೆ ಇನ್ನೊಮ್ಮೆ.

ಅವತ್ತು ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ. ಲ್ಯಾಬ್ ತುಂಬಿತ್ತು. ಅವರು ಅರಕಲಗೂಡಿಗೆ, ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ಹೋಗಿದ್ದರು. ಅವರ ಸಹಾಯಕನಾದ ನನಗೆ ಗಳಿಗೆಗೊಮ್ಮೆ ಫೋನು.

"ರೀಸ್ಟಾರ್ಟ್ ಮಾಡ್ದಾ?"

"ಮಾಡ್ದೆ ಸಾ," ಎಂದು ಸುಳ್ಳು ಹೇಳಿದೆ. ಏಳಲು ಪುರುಸೊತ್ತೆಲ್ಲಿತ್ತು? ಆದರೂ ಅರ್ಜಿಯ ಪುಟ ಎಲ್ಲರಿಗೂ ಸಲೀಸಾಗಿ ತೆರೆಯುತ್ತಿತ್ತು.

ಸಂಜೆ ಬಸ್ಸಿಳಿದವರೇ ಓಡಿ ಬಂದರು. ನೂರಕ್ಕೆ ಹತ್ತು ದಾಟದಿದ್ದ ನೆನಪಿನ ಅಂಕಿ ಪರದೆಯಲ್ಲಿ ಅರವತ್ತಾಗಿತ್ತು. ನಾನು ನಿಜ ಒಪ್ಪಿಕೊಂಡೆ: "ಒಂದ್ಸಲಾನೂ ರೀಸ್ಟಾರ್ಟ್ ಮಾಡ್ಲಿಲ್ಲ ಸಾ."

"ಅಂಗಾದ್ರೆ ದಿನಾ ಅದ್ರ ನೆನಪು ಅಳಿಸ್ತಿದ್ದೋನು ನಾನೇ ಅನ್ನು," ಎಂದು ಅವರು ಕುರ್ಚಿಯಲ್ಲಿ ಕುಸಿದರು. ಎರಡು ನಿಮಿಷವಾಗುವುದರೊಳಗೆ ಕಾಲು ಅಲುಗಾಡತೊಡಗಿತು, ಕಣ್ಣು ರೀಸ್ಟಾರ್ಟ್ ಗುಂಡಿಯ ಕಡೆಗೇ ಹೋಯಿತು.

"ಲೇ, ವಸಿ ನನ್ ಕೈ ಇಡ್ಕಳ್ಲಾ."